ಸೊಟ್ಟ

ಗ್ರಿಮ್ಸ್‌ಬಿಯಲ್ಲಿ ಡೆಸ್ಮಂಡ್ ಪಾಕ್ಲಿಯದು ಮೀನಂಗಡಿ.
ಪಕ್ಕದ್ದು ನನ್ನದು: ಜಿಪ್ ಬದಲಿಸುವುದು, ಪ್ಯಾಂಟಿನ ತುದಿ ಮಡಿಚುವುದು.
ಗಿರಾಕಿಯಿಲ್ಲದ ಒಂದು ಮಂಗಳವಾರ ಬಂದು ನಿಂತ,
‘ಹ್ಯಾಡಕ್ ಬಂದಿದೆ ಅಂತ ಬರೆದುಕೊಡು,
ನನ್ನ ಕೈಬರಹ ನನಗೇ ಓದಲಾಗದು.’

ಬರೆಯಲು ನನಗೂ ಬಾರದು. ಕತ್ತರಿಸಬಲ್ಲೆ.
ಕಪ್ಪು ಕಾಗದ, ಅಸ್ತರು ಕತ್ತರಿಸುವ ದೊಡ್ಡ ಕತ್ತರಿ,
ಸೀಮೆಸುಣ್ಣದ ಗೆರೆಯಿಲ್ಲ, ಟೇಪಿಲ್ಲ,
ಸೀದಾ ಬಾಯಿ ಹಾಕಿದೆ.
ಬಳ್ಳಿ ಸುತ್ತಿದಂತೆ ಬರೆದು ಬೆಳೆದ ಕೈ ಇದು;
ಈ ಇಂಗ್ಲಿಷಿಗೆ ತಲೆಕಟ್ಟಿಲ್ಲ, ಕೊಂಬಿಲ್ಲ, ಒತ್ತಿಲ್ಲ,
ಬೋಳುತಲೆಗಳ ಮೆರವಣಿಗೆ.
ಪಾಪ ಅನಿಸಿ ಎಚ್‌ಗೆ ಬೆಲ್‌ಬಾಟಮ್ ತೊಡಿಸಿದೆ.
ಅಕ್ಕಪಕ್ಕ ಎರಡು ಡಿ: ಒಂದಕ್ಕೆ ಆರು ತಿಂಗಳು,
ಇನ್ನೊಂದಕ್ಕೆ ಒಂಬತ್ತು.
ಕೊನೆಯ ಕೆ ಕಾಲೆತ್ತಿ ಒದೆಯಿತು.
ಅದು ನನ್ನ ತಪ್ಪು, ನಡುವೆ ಫೋನು ಬಂದಿತ್ತು.

ಹ್ಯಾಡಕ್ ಹನ್ನೊಂದಕ್ಕೇ ಖಾಲಿ.

ಅವನ ತಂಗಿಯ ಮಗಳು ಟ್ಯಾಮ್ಸಿನ್ ಸ್ಕ್ಯಾನರ್ ಹಿಡಿದು ಬಂದಳು.
ಇಪ್ಪತ್ತಾರನ್ನೂ ಕತ್ತರಿಸಿಕೊಟ್ಟೆ, ಅಂಕಿಗಳನ್ನೂ,
ಪೌಂಡಿನ ಗುರುತನ್ನೂ, ಗೂನುಬೆನ್ನಿನ ಪ್ರಶ್ನೆಯನ್ನೂ.
‘ಫಾಂಟಿಗೆ ಹೆಸರು?’
‘ಸೊಟ್ಟ’ ಅಂದೆ.
ಅವಳ ನಾಲಿಗೆಯಲ್ಲಿ ಸೊಟ್ಟವೂ ಸೊಟ್ಟಗಾಗಿ
ಸೋಟಾ ಆಯಿತು.

ಈಗ ಐಸ್‌ಕ್ರೀಮ್ ವ್ಯಾನಿನ ಬೆನ್ನಲ್ಲಿ ಅದೇ,
ಶಿಶುವಿಹಾರದ ಬಾಗಿಲಲ್ಲಿ, ನಾಯಿಗೆ ಮೀಯಿಸುವವರ ಏಪ್ರನ್ನಿನಲ್ಲಿ,
ಚರ್ಚಿನ ಹಳೆಬಟ್ಟೆ ಮಾರಾಟದಲ್ಲಿ.
ಒಬ್ಬ ದಂತವೈದ್ಯ ಕೂಡ:
ನಿಮ್ಮ ಹಲ್ಲು ನೆಟ್ಟಗೆ ಮಾಡುತ್ತೇವೆ.
ಎಲ್ಲಿ ನೋಡಿದರೂ ಕೆ ಒದೆಯುತ್ತಿದೆ,
ಅದೇ ಕಾಲು, ಅದೇ ಎತ್ತರ.
ಯಾವ ಡಿಗೂ ಒಂಬತ್ತೇ ತಿಂಗಳು.
ಅವತ್ತಿನ ಆ ಒಂದು ಫೋನು
ಊರ ತುಂಬ ಇನ್ನೂ ರಿಂಗಾಗುತ್ತಿದೆ.

ಜನವರಿಯಲ್ಲಿ ಪಾಕ್ಲಿ ಮತ್ತೆ ಬಂದ. ಮಂಡಿನೋವು, ಬಾಡಿಗೆ, ನಲವತ್ತೊಂದು ವರ್ಷ.
‘ಶನಿವಾರ ಮುಚ್ಚುತ್ತೇನೆ. ಹಾಕು, ಅದೇ ಅಕ್ಷರದಲ್ಲಿ.’
ಟ್ಯಾಮ್ಸಿನ್ ಹತ್ತಿರ ಕೋಟು ತೊಟ್ಟ ಗಂಭೀರದವೂ ಇವೆ ಅಂದೆ,
ಕುಣಿಯುವ ಅಕ್ಷರದ ಬಾಯಿಗೆ ಈ ಮಾತು ಒಗ್ಗದು ಅಂದೆ.
‘ಹ್ಯಾಡಕ್ ಕೂಡ ಸತ್ತೇ ಬಂದಿತ್ತು,’ ಅಂದ,
‘ಅವತ್ತು ಒಗ್ಗಿತ್ತಲ್ಲ?’

ಕಂಪ್ಯೂಟರ್ ಮುಟ್ಟಲಿಲ್ಲ. ಕತ್ತರಿ ತೆಗೆದೆ.
ಈ ಸಲ ಡಿ ಬಾಣಂತಿ, ಸ್ವಲ್ಪ ಸೊರಗಿದ್ದಾಳೆ.
ಥ್ಯಾಂಕ್ಸಿನ ನಡುವಿನ ಕೆ,
ಫೋನು ಇರಲಿಲ್ಲ,
ಆದರೂ ಒದೆಯಿತು. ಮೆಲ್ಲಗೆ.

ರಾತ್ರಿ ಗುಡಿಸಿದರೆ ನೆಲದ ಮೇಲೆ ಅಕ್ಷರಗಳ ಒಡಲು:
ಎಯ ತ್ರಿಕೋನ, ಡಿಯ ಅರ್ಧಚಂದ್ರ,
ಓದ ಮೊಟ್ಟೆ.
ಎಸೆಯಲಾಗದೆ ಗುಂಡಿಗಳ ಡಬ್ಬಕ್ಕೆ ಸುರಿದೆ.

ಮರುದಿನ ಒಬ್ಬಾಕೆ, ಕೋಟಿಗೆ ಕಪ್ಪು ಗುಂಡಿ ಬೇಕು ಅಂದಳು.
ಕೈಹಾಕಿದೆ, ಬಂದದ್ದು ಓದ ಮೊಟ್ಟೆ.
‘ಇದಕ್ಕೆ ತೂತೇ ಇಲ್ಲವಲ್ಲ’ ಅಂದಳು.
‘ತೂತೇ ಇದು’ ಅಂದೆ.

ಬೇರೆ ಗುಂಡಿ ಹುಡುಕಿ ಹೊಲಿದುಕೊಟ್ಟೆ.
ಎಂಬತ್ತು ಪೆನ್ಸ್.