ಕೋವಿಯ ಪಟ್ಟಿ

ಯಂತ್ರದ ತೂಕ ಒಂದೂಮುಕ್ಕಾಲು ಕೇಜಿ.
ಹಂಸಾಕನ ತಕ್ಕಡಿ ಹೇಳುವುದು ಅಷ್ಟೇ.
ಹನ್ನೊಂದು ಗಂಟೆಗೆ ನನ್ನ ಮೊಣಕೈ ಹೇಳುವ ಲೆಕ್ಕ ಬೇರೆ:
ತುಂಬಿದ ಕೊಡ, ಅದರ ಮೇಲೊಂದು ಕೂಸು.

ಗೋಣಿಕೊಪ್ಪದ ಈ ಮಿಲ್ಲಿಗೆ ಬರುವ ದಿಮ್ಮಿಗಳೊಳಗೆ
ಏನಿದೆಯೋ ಮರಕ್ಕೇ ನೆನಪಿಲ್ಲ.
ಬೇಲಿಯ ತಂತಿ ನುಂಗಿದ ಹಲಸು
ತೊಗಟೆ ಮುಚ್ಚಿಕೊಂಡು ಸಾಧುವಿನ ಹಾಗೆ ಬಿದ್ದಿರುತ್ತದೆ.
ಸಿಲ್ವರ್ ಓಕಿನಲ್ಲಿ ಚುನಾವಣೆಯ ಬೋರ್ಡಿನ ಮೊಳೆ,
ಗೆದ್ದವನದೂ ಸೋತವನದೂ.
ಮಾರ್ಚಿಯಲ್ಲಿ ಅಂಥದೊಂದಕ್ಕೆ ಗರಗಸ ಸಿಡಿದು
ಹಲ್ಲೊಂದು ಐತಪ್ಪನ ಕಿವಿಯ ಪಕ್ಕ ಹಾದು
ಗೋಡೆಯ ಕ್ಯಾಲೆಂಡರಿನಲ್ಲಿ ನೆಟ್ಟಿತು, ಹದಿನೇಳನೇ ತಾರೀಖಿನ ಮೇಲೆ.
ಆಮೇಲೆ ಯಂತ್ರ ಬಂತು, ಅದರ ಹಿಂದೆ ನಾನು.
ಸಂಬಳದ ಪುಸ್ತಕದಲ್ಲಿ: ಚೋಂದಮ್ಮ, ಕಬ್ಬಿಣ ಹುಡುಕಲು.

ಹೆಗಲಿಗೆ ಹಾಕುವ ಪಟ್ಟಿ ಕಂಪೆನಿಯದಾದರೆ ನಾಲ್ಕು ಸಾವಿರವಂತೆ.
ನನ್ನ ಹತ್ತಿರ ಸೂಜಿ ಇದೆ.

ಬಾಗಿಲ ಹಿಂದೆ ಅಪ್ಪನ ಕೋವಿಯ ಹಳೆ ಪಟ್ಟಿ.
ಕೇಳಿದೆ. ಅಪ್ಪ ಪೇಪರು ಮಡಚಲಿಲ್ಲ.
‘ಮೂವತ್ತು ವರ್ಷ ಗುರಿ ತಪ್ಪದ ಕೋವಿಯದು.
ಬೇಕಾಬಿಟ್ಟಿ ಕತ್ತರಿಸಬೇಡ.’

ಯಂತ್ರವನ್ನು ತೋರುಬೆರಳ ಮೇಲೆ ಅಡ್ಡಲಾಗಿ ಇಟ್ಟೆ.
ಮುಂದೆ ಬಾಗಿತು. ಸರಿಸಿದೆ, ಹಿಂದೆ ಬಾಗಿತು.
ಎಲ್ಲಿ ಸುಮ್ಮನಾಯಿತೋ ಅಲ್ಲಿ ಕೆಂಪು ದಾರ.
ಆ ದಾರದಿಂದ ಮೇಲಕ್ಕೆ ಗೇಣುದ್ದ ಸೈಕಲ್ ಟ್ಯೂಬು.
ಗೇಣು ಹೆಚ್ಚಾಯಿತು, ಯಂತ್ರ ಕುಣಿಯಿತು;
ಅರ್ಧ ಮಾಡಿದೆ, ಈಗ ಉಸಿರಾಡುತ್ತದೆ.
ಭುಜದ ಮೆತ್ತೆಗೆ ಕಾಫಿ ಚೀಲ. ತುರಿಸಿತು.
ಮೇಲೆ ಹಳೆ ಸ್ವೆಟರಿನ ತೋಳು ಹೊಲಿದೆ.

ಹೆಗಲಿಗೇರಿಸಿ ದಿಮ್ಮಿಯ ಮೇಲೆ ಬಾಗಿದರೆ
ಯಂತ್ರ ಕುಯ್ಯೋ ಎಂದಿತು.
ಮರದಲ್ಲಿ ಏನೂ ಇಲ್ಲ.
ಪಟ್ಟಿಯ ಹಿತ್ತಾಳೆ ಬಕಲಿಗೆ ಅಳುತ್ತಿತ್ತು.
ಬಕಲು ಕಿತ್ತೆ. ಮತ್ತೆ ಅತ್ತಿತು, ಅಂಗಿಯ ಪಿನ್ನಿಗೆ.
ಪಿನ್ನು ತೆಗೆದೆ. ಬಳೆ ಗಾಜಿನದು, ಇರಲಿ.
ಕಾಫಿ ಗಿಡದ ಕವಲು ಕಡಿದು ಕೊಕ್ಕೆ ಕೆತ್ತಿದೆ,
ಗಟ್ಟಿ ಮರ, ಎರಡು ಬೆರಳು ತೆಗೆದುಕೊಂಡಿತು.
ಕೊಕ್ಕೆ ಸಿಕ್ಕಿಸಲು ಗೆರಟೆಯ ಉಂಗುರ.
ಈಗ ನನ್ನ ಮೈಮೇಲೆ ಕಬ್ಬಿಣವೆಂಬುದಿಲ್ಲ,
ಯಂತ್ರಕ್ಕೆ ನಾನು ಬರೀ ಗಾಳಿ.
ಭಾರ ಸೊಂಟಕ್ಕೆ ಇಳಿಯಿತು. ಕೈಗೆ ಉಳಿದದ್ದು
ದಾರಿ ತೋರಿಸುವ ಕೆಲಸ.

ನಿನ್ನೆ ಬಂದದ್ದು ನಂದಿ ಮರ, ಗಾಳಿಗೆ ಬಿದ್ದದ್ದು.
ಲಾರಿಯವನ ಚೀಟಿಯಲ್ಲಿ ನಮ್ಮೂರ ಹೆಸರು.
ಮಂದ್‌ನ ಅಂಚಿನ ಮರ.
ಕೈಲು ಮುಹೂರ್ತಕ್ಕೆ ಇದಕ್ಕೇ ತೆಂಗಿನಕಾಯಿ ಕಟ್ಟುತ್ತಿದ್ದರು,
ಹೊಡೆದವರನ್ನು ನಾವು ಮಕ್ಕಳು ಹೊತ್ತು ಕುಣಿಯಲು ಹೋಗಿ ಬೀಳುತ್ತಿದ್ದೆವು.

ಯಂತ್ರ ಕೂಗಿತು. ಸೀಮೆಸುಣ್ಣದಲ್ಲಿ ಸುತ್ತು ಹಾಕಿದೆ.
ಪಕ್ಕದಲ್ಲೇ ಇನ್ನೊಂದು. ಅದರ ಕೆಳಗೆ ಜೋಡಿ.
ಮೊಳದಷ್ಟು ಜಾಗದಲ್ಲಿ ಹತ್ತೊಂಬತ್ತು ಸುತ್ತು,
ಸಿಡುಬೆದ್ದ ಹಾಗೆ.
ಐತಪ್ಪ ಉಳಿಯಲ್ಲಿ ಒಂದನ್ನು ಎಬ್ಬಿಸಿದ:
ಸೀಸ, ಚಪ್ಪಟೆ, ಅವರೆಕಾಳಿನಷ್ಟು.
‘ಯಾರದಿರಬಹುದು ಅಕ್ಕಾ?’
ಊರಲ್ಲಿ ತಪ್ಪಿದವರು ಯಾರೂ ಇಲ್ಲವಲ್ಲ, ಎಂದೆ.
ನಗುತ್ತಾ ಆ ತುಂಡನ್ನು ಸೌದೆ ಮಾಡಲು ಬದಿಗಿಟ್ಟ.

ರಾತ್ರಿ ಅಪ್ಪ ಕೇಳಿದರು, ಪಟ್ಟಿ ಹೇಗಿದೆ?
ಹಗುರ.
ಏನು ಸಿಕ್ಕಿತು ಇವತ್ತು?
ಮೊಳೆ, ಎಂದೆ.
ಯಾವ ಮರದಲ್ಲಿ?
ನಂದಿ.

ಅಪ್ಪ ಪೇಪರು ಮಡಚಿದರು.
ಎದ್ದು ಬಾಗಿಲ ಹಿಂದಿನ ಪಟ್ಟಿ ತಂದು
ದೀಪದ ಕೆಳಗೆ ಹಿಡಿದು ತುಂಬಾ ಹೊತ್ತು ನೋಡಿದರು.
‘ಇಲ್ಲಿ ಹೊಲಿಗೆ ಬಿಟ್ಟಿದೆ,’ ಎಂದರು,
‘ಸೂಜಿ ಕೊಡು.’