ಏಳನೆಯ ಪೆಟ್ಟಿಗೆ

ಲಾಂಗ್ಟನ್ನಿನಲ್ಲಿ ಮುಚ್ಚಿಹೋದ ಚಪ್ಪಲಿ ಅಂಗಡಿಯೊಂದು
ಈ ಚಳಿಗಾಲಕ್ಕೆ ಗ್ಯಾಲರಿ.
ಗುರುವಾರ, ಶನಿವಾರ ಅದರ ಕಾವಲು ನನ್ನದು:
ಒಂದು ಕುರ್ಚಿ, ಕಾಲ ಬಳಿ ಹೀಟರು,
ಬಂದವರ ತಲೆಯೆಣಿಸಲು ಕೈಯಲ್ಲೊಂದು ಗುಂಡಿಯ ಯಂತ್ರ.
ಗೋಡೆಯಲ್ಲಿ ಹನ್ನೊಂದು ಪೆಟ್ಟಿಗೆ. ಹನ್ನೊಂದು ನಾಟಕ.
ಮಾತಿಲ್ಲ, ಪರದೆಯಿಲ್ಲ, ಮುಗಿಯುವುದೂ ಇಲ್ಲ.

ಗೊಂಬೆ ಕೂರಿಸಿದ್ದಾರೆ ಅಂದರೆ ನಮ್ಮಮ್ಮ
ಎಷ್ಟು ಮೆಟ್ಟಿಲು ಅಂತ ಕೇಳಿಯಾಳು.
ಮೆಟ್ಟಿಲಿಲ್ಲಮ್ಮ. ಪಟ್ಟದ ರಾಜರಾಣಿಯಿಲ್ಲ.
ಇರುವವರೆಲ್ಲ ಸೆಕೆಂಡ್ಸು,
ಆವಿಗೆಯಿಂದ ಬರುವಾಗಲೇ ಮೂಗು ಊನವಾದವರು,
ದಾನದಂಗಡಿಯ ಬುಟ್ಟಿಯಲ್ಲಿ
ಐವತ್ತು ಪೆನ್ನಿಗೆ ಬಿದ್ದಿದ್ದವರು.

ಗ್ಲೆನಿಸ್ ಶೆರಟ್, ಮೂವತ್ತೊಂದು ವರ್ಷ
ಪಿಂಗಾಣಿ ಹೆಂಗಸರ ಕೆನ್ನೆಗೆ ಕೆಂಪು ಹಚ್ಚಿದವಳು.
ದಿನಕ್ಕೆ ನಾನೂರು ಕೆನ್ನೆ.
ಕಾರ್ಖಾನೆ ಮುಚ್ಚಿದ ದಿನ
ಕುಂಚವೊಂದನ್ನೇ ಕೇಳಿ ತಂದಳಂತೆ.

ಏಳನೆಯದು ಅಡುಗೆಮನೆ.
ಗೋಡೆಗೆ ಉಡುಗೊರೆ ಸುತ್ತುವ ಕಾಗದ,
ನಲ್ಲಿಗೆ ಬಗ್ಗಿಸಿದ ಪೇಪರ್ ಕ್ಲಿಪ್ಪು,
ನೆಲದಲ್ಲಿ ಚೆಲ್ಲಿದ ಹಾಲು, ಅದು ಉಗುರಿಗೆ ಹಚ್ಚುವ ಬಿಳಿ ಬಣ್ಣ.
ಹಾಲಿನ ಪಕ್ಕ ಬೋರಲು ಬಿದ್ದ ಗಂಡಸು:
ಆಟದ ರೈಲಿನ ಹಳಿ ರಿಪೇರಿಗೆಂದು
ಬಗ್ಗಿಸಿಯೇ ಅಚ್ಚು ಹೊಯ್ದವನು,
ಕಿತ್ತಳೆ ಅಂಗಿ, ಕಡಲೆಕಾಯಿಗಿಂತ ಚಿಕ್ಕವನು.
ಒಲೆಯ ಮುಂದೆ ಅವನ ಐದರಷ್ಟು ಎತ್ತರದ
ಪಿಂಗಾಣಿಯ ಕುರಿಗಾಹಿ ಹೆಣ್ಣು.
ಕೋಲು ಮುರಿದ ಕೈಗೆ ಚಮಚ ಅಂಟಿಸಿದೆ.
ಚಹಾ ತಿರುವುತ್ತಲೇ ಇದ್ದಾಳೆ.
ತಿರುಗಿ ನೋಡಿಲ್ಲ, ಇನ್ನೂ.

ಅಳತೆ ಹೊಂದುವುದಿಲ್ಲವಲ್ಲ, ಅಂದೆ ಮೊದಲ ವಾರ.
ಗ್ಲೆನಿಸ್ ಕಡ್ಡಿ ಮುರಿದಂತೆ ಅಂದಳು:
ಯಾರ ಮನೆಯಲ್ಲಿ ಎಲ್ಲರೂ ಒಂದೇ ಅಳತೆ?

ನೋಡುವವರದು ತಲೆಗೊಂದು ಕತೆ.
ಕಾಲೇಜು ಹುಡುಗಿಯರು: ವಿಷ ಹಾಕಿದ್ದಾಳೆ, ನೋಡೇ ಆ ತುಟಿ.
ಗಾಜಿಗೆ ಮೂಗೊತ್ತಿದ ಪುಟ್ಟ ಹುಡುಗ:
ಅವನು ಬಚ್ಚಿಟ್ಟುಕೊಂಡಿದ್ದಾನೆ,
ಅವಳು ಎಣಿಸೋದೇ ಮುಗಿದಿಲ್ಲ.
ಆ ಮೂಗಿನ ಗುರುತನ್ನು ಅವತ್ತು ನಾನು ಒರೆಸಲಿಲ್ಲ.

ಶನಿವಾರ ಮೂರಕ್ಕೆ ಬರುವವರು ಮಿಸ್ಟರ್ ಬ್ಲೋರ್.
ಆರು ಪೆಟ್ಟಿಗೆಗಳನ್ನು ಕಣ್ಣೆತ್ತಿಯೂ ನೋಡದೆ ನೇರ ಏಳಕ್ಕೆ.
ಟೋಪಿ ತೆಗೆದು, ಮೊಣಕಾಲು ಹಿಡಿದು ಬಗ್ಗಿ
ಹತ್ತು ನಿಮಿಷ. ಹೊರಡುವಾಗ ಹವೆಯ ಬಗ್ಗೆ ಒಂದು ಮಾತು.
ಐದನೆಯ ಶನಿವಾರ ಜೇಬಿನಿಂದ ತೆಗೆದದ್ದು ಒಂದು ನಾಯಿ.
ಪ್ಲಾಸ್ಟಿಕ್ಕಿನದು, ಕಂದು, ಒಂದು ಕಿವಿ ಯಾರೋ ಅಗಿದದ್ದು.
ಅವತ್ತು ನಾಯಿ ಇತ್ತು, ಅಂದರು, ಬಾಗಿಲ ಹತ್ತಿರ.
ಅವಳಿಗೆ ಮರೆತುಹೋಗಿದೆ.
ಅವಳು ಅಂದರೆ ಗ್ಲೆನಿಸೋ, ಒಲೆಯ ಮುಂದಿನವಳೋ?
ಕೇಳುವಷ್ಟರಲ್ಲಿ
ಬಾಗಿಲ ಗಂಟೆಯೊಂದೇ ಅಲ್ಲಾಡುತ್ತಿತ್ತು.

ಮುಟ್ಟಬಾರದು ಎಂಬ ಫಲಕ ನಾನೇ ಬರೆದದ್ದು.
ಐದಕ್ಕೆ ಒಂದನ್ನು ಬಿಟ್ಟು ಎಲ್ಲ ದೀಪ ಆರಿಸಿ
ಧೂಳಿನ ಕುಂಚವನ್ನು ನೆಪಕ್ಕೆ ಹಿಡಿದು ಗಾಜು ಸರಿಸಿದೆ.
ಒಳಗೆ ಹೋದ ನನ್ನ ಕೈ, ಅಬ್ಬಾ,
ಎಷ್ಟು ದೊಡ್ಡದು, ಎಷ್ಟು ಕೂದಲು ಅದಕ್ಕೆ,
ಹಾಲಿನ ಮೇಲೆಲ್ಲ ಅದರದೇ ನೆರಳು.
ದೇವರಿಗೂ ಹೀಗೇ ಬೆವರುತ್ತದೇನೋ.
ನಾಯಿಯನ್ನು ಬಾಗಿಲಲ್ಲಿಟ್ಟೆ, ಮುಖ ಹೊರಗೆ ಮಾಡಿ.
ಅದಾದರೂ ನೋಡದಿರಲಿ ಅಂತ.

ಗುರುವಾರ ಗ್ಲೆನಿಸ್ ಬಂದಳು. ಏಳರ ಮುಂದೆ ನಿಂತಳು.
ಹೀಟರು ಟಕ್ಕೆಂದು ಆರಿತು, ಮತ್ತೆ ಹೊತ್ತಿತು.
ಯಾರು ಅಂತ ಕೇಳಲಿಲ್ಲ.
ಅಗಿದ ಕಿವಿಯನ್ನು ಉಗುರಿನಿಂದ ಸವರಿದಳು,
ಬಹಳ ಹೊತ್ತು,
ಆಮೇಲೆ ನಾಯಿಯನ್ನು ಒಳಕ್ಕೆ ತಿರುಗಿಸಿ
ಬೋರಲು ಬಿದ್ದವನ ಕೈಗೆ
ಅದರ ಮೂಗು ತಾಗುವಂತೆ ಇಟ್ಟಳು.
ಚೀಲದಿಂದ ಅತಿ ಸಣ್ಣ ಕುಂಚ ತೆಗೆದು
ಕುರಿಗಾಹಿಯ ಕೆನ್ನೆಯ ಕೆಂಪನ್ನು
ಇನ್ನಷ್ಟು ಹಚ್ಚಿದಳೋ, ಒರೆಸಿಯೇಬಿಟ್ಟಳೋ,
ಅವಳ ಬೆನ್ನು ಅಡ್ಡ ಬಂತು.

ಇವತ್ತು ಶನಿವಾರ, ಮೂರೂಕಾಲು.
ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕೂತಿದ್ದೇನೆ.
ಎದುರಿಗೆ ಬಸ್ಸು ನಿಂತು, ಒಂದಿಷ್ಟು ಜನರನ್ನು ಇಳಿಸಿ ಹೋಯಿತು.
ಇಲ್ಲಿಂದ ನೋಡಿದರೆ
ಎಲ್ಲರೂ ಕಡಲೆಕಾಯಿಯಷ್ಟೇ.