ಹರದದ ನೋಡು

ಔಷಧದಂಗಡಿ ರಾಜಶ್ರೀ
ರದ್ದಿ ಬಿಲ್ಲಿನ ಮ್ಯಾಲ ಗೆರಿ ಕೊರದು ಹೇಳಿದಳು:
ಚರ್ಮದ ಒಳಗೂ ಒಂದು ಮಗ್ಗ ಅದ ಅತ್ತಿ.
ನಕ್ಕೆ.
ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಟಾವೆಲ್ ಕಾರಖಾನ್ಯಾಗ
ಮೂವತ್ತೊಂದು ವರ್ಷ ಹರದ ಎಳಿಗೆ ಎಳಿ ಹೊಸೆದಾಕಿಗೆ
ಮಗ್ಗದ ಸುದ್ದಿ ಹೇಳ್ತಿ ಏನ?

ಕೇಳ್ರಿ, ಅಂದಳು. ಕೊಲಾಜೆನ್ ಅಂತ ಹುರಿ.
ಹರೇದಾಗ ಬಿಗಿ. ಐವತ್ತು ದಾಟಿತಂದ್ರ
ನೇಕಾರ ತೂಕಡಸ್ತಾನ, ಬಟ್ಟೆ ಜೋಲ್ತದ.
ಪೆಪ್ಟೈಡ್ ಅಂದ್ರ ಆ ಹುರಿದೇ ಚೂರು,
ನಾಕೈದು ಮಣಿ ಪೋಣಿಸಿದಷ್ಟು ಸಣ್ಣದು.
ಒಳಗ ಹೋಗಿ ತಾನೇನೂ ಹೊಲಿಯೂದಿಲ್ಲ.
ಬರೇ ಸುಳ್ಳು ಹೇಳ್ತದ:
ಏ, ಇಲ್ಲಿ ಹರದದ ನೋಡು.
ನೇಕಾರ ಗಾಬರಿಬಿದ್ದು ಎದ್ದು ನೇಯ್ತಾನ.

ಈ ವಿದ್ಯೆ ನಮ್ಮ ಮುಕಾದಮ ಮಲಕಪ್ಪಗೂ ಬರ್ತಿತ್ತು.
ಶೇಠ ಬಂದಾನ ಅಂತ ಒಮ್ಮೆ ಕೂಗಿದ್ರ
ಇಡೀ ಸಾಲು ಮಗ್ಗಕ್ಕ ಎಚ್ಚರ.

ಏಳನೂರಾ ನಲವತ್ತು ರೂಪಾಯಿ, ಹೆಬ್ಬೆರಳಿನಷ್ಟು ಶೀಸೆ.
ಮುಖಕ್ಕಂತ ತಿಳಕೊಂಡಳು, ಪಾಪ.
ನನಗ ಬೇಕಾಗಿದ್ದು ಬೆರಳಿಗೆ.
ರೇಶನ್ ಅಂಗಡಿ ಯಂತ್ರ ನಾಕು ತಿಂಗಳಿಂದ
ನನ್ನ ಹೆಬ್ಬೆಟ್ಟು ಒಲ್ಲೆ ಅಂತದ.
ನೂಲು ತೀಡಿ ತೀಡಿ ಗೆರಿ ಎಲ್ಲಾ ಟಾವೆಲ್ಲಿಗೆ ಹೋಗ್ಯಾವ,
ಯಾರ್ಯಾರ ಮನಿಯಾಗ ಯಾರ್ಯಾರ ಮಾರಿ ಒರಸ್ಲಿಕತ್ತಾವೋ.
ಸುಗಲಾಬಾಯಿ ಅಂತ ಹೆಸರದ, ಗುರುತಿಲ್ಲ,
ಅಂತಾನ ಅಂಗಡಿಯವ.

ಹನ್ನೆರಡು ವಾರ, ದಿನಾ ರಾತ್ರಿ ಎರಡು ಹನಿ.
ಬೆರಳಿಗೆ ತೀಡಿ, ಉಳದ ಜಿಗಟು
ಸುಮ್ಮನ ಯಾಕ ಕೆಡಿಸೂದಂತ
ಗಲ್ಲಕ್ಕ ಒರಸ್ಕೊಂಡೆ.

ಮೊನ್ನೆ ನಳದ ಪಾಳಿಯಾಗ
ತೆಲುಗಿನಾಕಿ ಅಂಬುಬಾಯಿ, ತನ್ನ ಮುರಕ ಮರಾಠಿಯಾಗ,
ಏನ ಹಚ್ಚತಿ, ಗಲ್ಲ ಚೂರು ಎದ್ದದಲ್ಲ ಅಂದಳು.
ಕೊಡಾ ತುಂಬೂದು ಬಿಟ್ಟು ಮನಿಗೆ ಬಂದು ಕನ್ನಡಿ ನೋಡಿದೆ.
ಹೌದು. ಒಂದು ನೂಲಿನಷ್ಟು.
ಹಣಿ ಹಂಗೇ ಅದ, ಕುತ್ತಿಗಿ ಅಂತೂ ಕೇಳಬ್ಯಾಡ.

ಹೆಬ್ಬೆಟ್ಟು ಮಾತ್ರ ಗಂಜಿ ಹಾಕಿದ ಅರಿವಿಯಂಗ ನುಣ್ಣಗ.
ರಾಜಶ್ರೀ ಹಣಿ ಬಡಕೊಂಡಳು:
ಬೆರಳಿನ ಗೆರಿ ಬ್ಯಾರೆನೇ ನೇಯ್ಗೆ ಅತ್ತಿ,
ಇದರ ಮಾತು ಅದು ಕೇಳೂದಿಲ್ಲ.
ಯಂತ್ರಕ್ಕ ಕಣ್ಣು ತೋರಿಸ್ರಿ, ಕಣ್ಣೂ ನಡೀತದಂತ.

ನಾಳೆ ಹೋಗ್ತೀನಿ, ಚೀಲ ತಗೊಂಡು.
ಶೀಸ್ಯಾಗ ನಾಕು ಹನಿ ಉಳದಾವ.
ಇವತ್ತ ಬೆರಳಿನ ಎಂಜಲಲ್ಲ,
ಸೀದಾ ಗಲ್ಲಕ್ಕೇ ಹಚ್ಚತೀನಿ.
ಒಳಗ ತೂಕಡಸ್ಕೋತ ಕೂತಾಕಿಗೆ
ಮೂವತ್ತೊಂದು ವರ್ಷದಾಗ ಯಾರೂ ಹೇಳಿರಲಿಲ್ಲ,
ಹರದದ್ದು ಆಕಿದೇ ಬಟ್ಟೆ ಅಂತ.